ಅಜ್ಜಿ ನೋಡುವ ಶಾಸ್ತ್ರ

“ಮಾತಾಡ್ದ ರೀ! ಪಂಚಾಕ್ಷರಿ ಮಾತಾಡ್ದ!”

ಕಸ್ತೂರಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಅಡುಗೆಮನೆಯಿಂದ ಪಡಸಾಲೆಗೆ ಓಡಿಬಂದಳು. ಕಾಪಿ ತಿದ್ದುತ್ತಾ ಕೂತಿದ್ದ ಷಣ್ಮುಖಪ್ಪ ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟು ಎದ್ದೇ ನಿಂತರು.

“ನಿಜಾನಾ? ಏನಂದ?”

“‘ಬರಲ್ಲ’ ಅಂದ.”

“ಆಮೇಲೆ?”

“ಆಮೇಲೆ ಏನೂ ಇಲ್ಲ. ಕೈ ತೊಳ್ಕಂಡು ಮೇಲೆದ್ದ.”

ಮೇಷ್ಟ್ರು ಮತ್ತೆ ಕೂತರು. ಆದರೂ ಇದು ಸಣ್ಣ ಸುದ್ದಿಯಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಹತ್ತೊಂಬತ್ತು ದಿನವಾಗಿತ್ತು. ಇಂಗ್ಲಿಷಿನಲ್ಲಿ ಹದಿನಾಲ್ಕು, ಗಣಿತದಲ್ಲಿ ಹನ್ನೊಂದು. ಚನ್ನಗಿರಿಯ ಅರ್ಧ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಮೇಷ್ಟ್ರ ಮಗನಿಗೆ ಗಣಿತದಲ್ಲಿ ಹನ್ನೊಂದು! ಮೇಷ್ಟ್ರು ಅವತ್ತು ಒಂದು ಗಂಟೆ ಬೈದಿದ್ದರು. ಹುಡುಗ ಅವತ್ತು ಮುಚ್ಚಿದ ಬಾಯಿಯನ್ನು ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ತೆರೆದಿರಲಿಲ್ಲ. ಹೆಸರಿನಲ್ಲೇ ಐದಕ್ಷರ ಇಟ್ಟುಕೊಂಡವನು ಹತ್ತೊಂಬತ್ತು ದಿನಕ್ಕೆ ಮೂರಕ್ಷರ ಖರ್ಚು ಮಾಡಿದ್ದ. ಹದಿನಾರು ವರ್ಷದ ಹುಡುಗ. ಕಿವಿ ಮುಚ್ಚುವ ಕೂದಲು, ರಸ್ತೆ ಗುಡಿಸುವ ಬೆಲ್ ಬಾಟಂ ಪ್ಯಾಂಟು. ಏನು ಕೇಳಿದರೂ ಸೂರಿನ ಹೆಂಚು ಎಣಿಸುವ ಕಣ್ಣು.

“ಬರದಿದ್ರೆ ಒಳ್ಳೇದೇ ಆತು ಬಿಡು,” ಅಂದರು ಮೇಷ್ಟ್ರು. “ಅಲ್ಲಿಗೆ ಬಂದು ಇದೇ ಮುಖ ತೋರ್ಸಿದ್ರೆ, ಈ ವಂಶದಾಗೆ ಹೆಣ್ಣು ತರಬ್ಯಾಡ್ರಪ್ಪ ಅಂತಾರೆ.”

‘ಅಲ್ಲಿ’ ಅಂದರೆ ಜಗಳೂರು. ಮಗಳು ಸರ್ವಮಂಗಳ ದಾವಣಗೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಯಾವುದೋ ಮದುವೆಯಲ್ಲಿ ಅವಳನ್ನು ಜಗಳೂರಿನವರು ನೋಡಿ ಮೆಚ್ಚಿದ್ದರು. ಹುಡುಗ ತಿಪ್ಪೇರುದ್ರಸ್ವಾಮಿ, ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಎಲ್ಲಕ್ಕಿಂತ ದೊಡ್ಡ ವಿಷಯ, ಸರ್ವಮಂಗಳಳೂ ಅವನನ್ನು ನೋಡಿ, ತಲೆ ತಗ್ಗಿಸಿಕೊಂಡು, “ಇವ್ರೇ ಆಗ್ಲಿ ಕಣವ್ವ” ಅಂದಿದ್ದಳು. ಈಗ ಹೆಣ್ಣಿನ ಕಡೆಯವರು ಹೋಗಿ ಹುಡುಗನ ಮನೆ ನೋಡಬೇಕು. ಅವರು ಬರುವ ಭಾನುವಾರ ಇಲ್ಲಿಗೆ ಬಂದು ಶಾಸ್ತ್ರಕ್ಕೆ ಹುಡುಗಿ ನೋಡಿ, ಎಲೆ ಅಡಿಕೆ ಬದಲಾಯಿಸಬೇಕು.

ಇದೆಲ್ಲ ಗುಟ್ಟು. ಗುಟ್ಟಿಗೆ ಕಾರಣವೂ ಇತ್ತು. ಮೊದಲು ಹೊನ್ನಾಳಿಯ ಸಂಬಂಧವೊಂದು ಬಂದಿತ್ತು. ಎದುರುಮನೆಯ ದ್ಯಾಮಮ್ಮನಿಗೆ ಗೊತ್ತಾಯಿತು, ಎಂಟು ದಿನದಲ್ಲಿ ಮುರಿಯಿತು. ಆಮೇಲೆ ತ್ಯಾವಣಿಗೆಯದು, ದ್ಯಾಮಮ್ಮನಿಗೆ ಗೊತ್ತಾಗಲು ಎರಡು ದಿನ ತಡವಾಗಿದ್ದರಿಂದ ಹತ್ತು ದಿನ ಬಾಳಿತು. ದ್ಯಾಮಮ್ಮ ಕೆಟ್ಟ ಹೆಂಗಸಲ್ಲ. ಅವಳ ಮನೆಗೆ ಎರಡು ಬಾಗಿಲಿದ್ದವು, ಬಾಯಿಗೆ ಒಂದೂ ಇರಲಿಲ್ಲ, ಅಷ್ಟೇ.

ಹಾಗಾಗಿ ಮೇಷ್ಟ್ರು ಶಾಲೆಯಲ್ಲೂ ನಿಜ ಹೇಳಲಿಲ್ಲ. ಯಾವಾಗಲೂ ಬರೆಯುವ ರಜೆ ಅರ್ಜಿಯನ್ನೇ ಬರೆದರು. ಮದುವೆಯಾದಂದಿನಿಂದ ಮೇಷ್ಟ್ರ ರಜೆಗಳೆಲ್ಲ ನ್ಯಾಮತಿಯಲ್ಲಿದ್ದ ಅತ್ತೆಯ ಆರೋಗ್ಯದ ಮೇಲೆ ನಿಂತಿದ್ದವು. ‘ನಮ್ಮ ಅತ್ತೆಯವರಾದ ಶಿವಗಂಗಮ್ಮನವರಿಗೆ ಅಸೌಖ್ಯವಾಗಿರುವ ಕಾರಣ’ ಅಂತ ಬರೆದರೆ ಒಂದು ದಿನ ಸಿಗುತ್ತಿತ್ತು. ಈ ಸಲ ಮೂರು ದಿನ ಬೇಕಾಗಿತ್ತು. ಮೇಷ್ಟ್ರು ಯೋಚನೆ ಮಾಡಿ ‘ತೀರಾ ಅಸೌಖ್ಯ’ ಅಂತ ಬರೆದರು.

ಬುಧವಾರ ಸಂಜೆ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಕೊನೆಯ ಪಾಠ ಹೇಳಿದರು.

“ನೋಡು, ಡಬ್ಬಿಯಾಗೆ ರೊಟ್ಟಿ ಐತೆ, ಕೆಂಪು ಚಟ್ನಿ ಐತೆ. ಬೀದಿಯಾಗೆ ಯಾರು ಏನ್ ಕೇಳಿದ್ರೂ, ಅಪ್ಪ ಅವ್ವ ಎಲ್ಲಿಗೆ ಹೋಗ್ಯಾರೆ ಅಂತ ಬಾಯಿ ಬಿಡಬ್ಯಾಡ. ತಿಳೀತಾ? ಯಾರಿಗೂ ಏನೂ ಹೇಳಬಾರ್ದು!”

ಪಂಚಾಕ್ಷರಿ ಹೆಂಚು ನೋಡಿದ.

ಹದಿನಾರು ವರ್ಷದಲ್ಲಿ ಆ ಹುಡುಗ ಅಪ್ಪನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ. ಆ ಒಂದು ಸಲ ಏನಾಯಿತು ಅನ್ನುವುದೇ ಮುಂದಿನ ಕಥೆ.

ಗುರುವಾರ ಮೊದಲ ಬಸ್ಸಿಗೆ ಗಂಡ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಹೋದರು.

ನಮ್ಮ ಕಡೆ ಒಂದು ಮನೆಯ ಸಮಾಚಾರ ತಿಳಿಯಲು ಯಾರೂ ಒಳಗೆ ಹೋಗಬೇಕಾಗಿಲ್ಲ. ಬಾಗಿಲಿಗೆ ನೀರು ಬಿದ್ದು ರಂಗೋಲಿ ಇದ್ದರೆ ಮನೆ ನೆಟ್ಟಗಿದೆ. ಹೆಂಚಿನ ಸಂದಿಯಲ್ಲಿ ಹೊಗೆ ಇದ್ದರೆ ಒಲೆ ಹತ್ತಿದೆ. ಎರಡೂ ಇಲ್ಲದೆ, ಮನೆಯಲ್ಲಿ ಮನುಷ್ಯರು ಮಾತ್ರ ಇದ್ದರೆ, ಸಾವಾಗಿದೆ. ಊರಿಗೆ ಹೋಗುವ ಹೆಂಗಸರು ಅದಕ್ಕೇ ಎದುರುಮನೆಯವರಿಗೆ ಹೇಳಿ, ಅವರ ಕೈಯಿಂದ ಎರಡೆಳೆ ರಂಗೋಲಿ ಎಳೆಸುತ್ತಾರೆ. ಕಸ್ತೂರಮ್ಮ ಎದುರುಮನೆಗೆ ಹೇಳುವ ಹಾಗಿರಲಿಲ್ಲ. ಮಗನಿಗೆ ಹೇಳಿದ್ದಳು. ಮಗ ಗಂಡಸಾಗಿದ್ದ.

ದ್ಯಾಮಮ್ಮ ಬೆಳಿಗ್ಗೆ ಆರಕ್ಕೆ ನೋಡಿದಳು, ರಂಗೋಲಿ ಇಲ್ಲ. ಒಂಬತ್ತಕ್ಕೆ ನೋಡಿದಳು, ಹೊಗೆ ಇಲ್ಲ. ಮಧ್ಯಾಹ್ನ ನೋಡಿದರೆ ಹುಡುಗ ಒಬ್ಬನೇ ಜಗಲಿ ಮೇಲೆ ಮೊಣಕಾಲಿಗೆ ಗದ್ದ ಊರಿಕೊಂಡು ಕೂತಿದ್ದಾನೆ. ತಡೆಯಲಾಗಲಿಲ್ಲ. ಹತ್ತಿರ ಹೋದಳು.

“ಏನಪ್ಪಾ ಪಂಚಾಕ್ಷರಿ, ಅವ್ವ ಎಲ್ಲಿ?”

ಹುಡುಗ ಹೆಂಚು ನೋಡಿದ.

“ಅಪ್ಪ?”

ಹುಡುಗ ರಸ್ತೆ ನೋಡಿದ.

“ಯಾಕಪ್ಪ, ಏನಾರ ಕೆಟ್ಟ ಸುದ್ದಿನೇನಪ್ಪ?”

ಹುಡುಗ ಆಗ ತಾನೇ ರೊಟ್ಟಿಗೆ ಕೆಂಪು ಚಟ್ನಿ ದಂಡಿಯಾಗಿ ಸವರಿಕೊಂಡು ತಿಂದು ಬಂದಿದ್ದ. ಕಸ್ತೂರಮ್ಮನ ಕೆಂಪು ಚಟ್ನಿ ಖಾರಕ್ಕೆ ಬೀದಿಗೆಲ್ಲ ಹೆಸರಾದದ್ದು. ಅವನ ಎರಡೂ ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂತು.

“ಅಯ್ಯೋ ಶಿವನೇ!” ಅಂತ ದ್ಯಾಮಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಅವಳು ಮಾಡಿದ್ದು ಯಾವ ಒಳ್ಳೆಯ ನೆರೆಯವಳೂ ಮಾಡುವ ಕೆಲಸವೇ. ಒಲೆ ಹತ್ತದ ಮನೆಗೆ ಊಟ ಕೊಡಬೇಕು. ಹೋಗಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಬಿಸಿ ರೊಟ್ಟಿ ತಂದಳು. ತರುವ ದಾರಿಯಲ್ಲಿ ಆರು ಮನೆಗೆ ಹೇಳಿದಳು. ಆರು ಮನೆಯಿಂದ ಆರು ಪಾತ್ರೆ ಬಂದವು.

ಪಂಚಾಕ್ಷರಿಗೆ ಏನು ನಡೆಯುತ್ತಿದೆ ಅಂತ ತಿಳಿಯಲಿಲ್ಲ. ಆದರೆ ಫಲಿತಾಂಶ ಬಂದಾಗಿನಿಂದ ಮೊದಲನೇ ಸಲ ಯಾರೂ ಅವನ ಮಾರ್ಕ್ಸು ಕೇಳಲಿಲ್ಲ. ಮನೆಯಲ್ಲಿ ಸೊಕ್ಕು ಅನ್ನಿಸಿಕೊಂಡಿದ್ದ ಮೌನಕ್ಕೆ ಬೀದಿಯಲ್ಲಿ ಬೇರೆಯೇ ಮರ್ಯಾದೆ ಸಿಕ್ಕಿತು.

“ಎಷ್ಟು ತಿಳುವಳಿಕೆ ಬಂದೈತೆ ನೋಡ್ರಿ ಹುಡುಗಂಗೆ!”

“ಒಳಗೇ ನುಂಗ್ಕಂತಾನೆ. ಗಟ್ಟಿ ಜೀವ.”

“ಇನ್ನೊಂದು ರೊಟ್ಟಿ ಹಾಕ್ರಿ.”

ಯಾರು ಸತ್ತದ್ದು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಅದನ್ನು ಶುಕ್ರವಾರ ಬೆಳಿಗ್ಗೆ ಬಗೆಹರಿಸಿದವರು ಹೆಡ್ ಮಾಸ್ತರು ಚಿಕ್ಕಹನುಮಂತಪ್ಪ. ಅವರು ಕಾಗದದಲ್ಲಿ ಇಲ್ಲದ್ದನ್ನು ನಂಬದವರು, ಕಾಗದದಲ್ಲಿ ಇದ್ದದ್ದನ್ನು ಬಿಡದವರು. ಶಾಲೆಗೆ ಹೋಗುತ್ತಿದ್ದವರನ್ನು ದ್ಯಾಮಮ್ಮ ಬೀದಿಯಲ್ಲೇ ತಡೆದು ಹೇಳಿದಾಗ ಅವರ ಮುಖ ಬಿಳಿಚಿತು.

“ನಮ್ಮ ಹತ್ರ ಅರ್ಜಿ ಐತಲ್ರೀ! ‘ತೀರಾ ಅಸೌಖ್ಯ’ ಅಂತ ಬರ್ದಿದಾರೆ. ನಾನು ಓದಿ, ಮೂರು ದಿನ ಯಾಕೆ, ಎರಡು ಸಾಕು ಅಂತ ಜಗಳಾಡಿದೆ. ಪಾಪ, ಶಿವಗಂಗಮ್ಮನೋರು ಹೋಗೇಬಿಟ್ರಾ!”

ಹೀಗೆ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಚನ್ನಗಿರಿಯಲ್ಲಿ ಶಿವಗಂಗಮ್ಮ ತೀರಿಕೊಂಡಳು.

ಹತ್ತೂವರೆಗೆ ಶಾಲೆಯ ಅಂಗಳದಲ್ಲಿ ಎರಡು ನಿಮಿಷ ಮೌನ ಆಚರಿಸಿದರು. ಅತ್ತೆ ಸತ್ತರೆ ಶಾಲೆಗೆ ರಜೆ ಕೊಡಲು ರೂಲ್ಸಿನಲ್ಲಿ ಇದೆಯೋ ಇಲ್ಲವೋ ಅಂತ ಹೆಡ್ ಮಾಸ್ತರು ತಲೆ ಕೆರೆದುಕೊಳ್ಳುವುದರಲ್ಲಿ ಮಕ್ಕಳು ಆಗಲೇ ಗೇಟು ದಾಟಿದ್ದರು. “ಮಣ್ಣಾಗೋದ್ರೊಳಗೆ ಹೋಗಿ ಶಾಲೆ ಕಡೆಯಿಂದ ಒಂದು ಹಾರ ಹಾಕ್ಬೇಕು” ಅಂತ ಹೆಡ್ ಮಾಸ್ತರು ನ್ಯಾಮತಿಯಲ್ಲೇ ಮೇಷ್ಟ್ರಿಗೆ ರಜೆ ಸರಿ ಮಾಡಿಕೊಡೋಣ ಅಂತ ರಜೆ ಫೈಲನ್ನೂ ಕಂಕುಳಲ್ಲಿ ಇಟ್ಟುಕೊಂಡು, ಬಸ್ಸು ಹತ್ತಿದರು.

ಅದೇ ಬಸ್ ಸ್ಟ್ಯಾಂಡಿನಲ್ಲಿ ಅದೇ ಹೊತ್ತಿಗೆ ಇನ್ನೊಬ್ಬರು ಇಳಿದರು. ಬಿಳೀ ಪಂಚೆ, ಕೈಯಲ್ಲಿ ಕೊಡೆ, ಹಣೆಯಲ್ಲಿ ಮೂರು ಬೆರಳು ವಿಭೂತಿ. ಇವರು ಜಗಳೂರಿನ ಮಹೇಶ್ವರಪ್ಪ. ತಿಪ್ಪೇರುದ್ರಸ್ವಾಮಿಯ ದೊಡ್ಡಪ್ಪ. ಹೆಣ್ಣಿನ ಕಡೆಯವರು ಗುಟ್ಟಾಗಿ ಹುಡುಗನ ಮನೆ ನೋಡಲು ಹೋಗುವ ಹಾಗೆ, ಹುಡುಗನ ಕಡೆಯವರೂ ಗುಟ್ಟಾಗಿ ಹೆಣ್ಣಿನ ಬೀದಿಗೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಜಗಳೂರಿನಲ್ಲಿ ಹುಡುಗನ ತಂದೆ ಬೀಗರನ್ನು “ಅಣ್ಣ ಬರೋತನಕ ಇರ್ರಿ, ಹೋಳಿಗೆ ಉಂಡು ಹೋಗ್ರಿ” ಅಂತ ಹಿಡಿದಿಟ್ಟಿದ್ದು ಅದಕ್ಕೇ.

ಮಹೇಶ್ವರಪ್ಪ ಎಮ್ಮೆ ವ್ಯಾಪಾರಕ್ಕೆ ಬಂದವರ ಹಾಗೆ ಬೀದಿಯಲ್ಲಿ ಎರಡು ಸಲ ಓಡಾಡಿ, ದ್ಯಾಮಮ್ಮನ ಮನೆ ಮುಂದೆ ನೀರು ಕೇಳಿದರು. ಚನ್ನಗಿರಿಯಲ್ಲಿ ಅಷ್ಟು ಮನೆ ಇರುವಾಗ ಅವರಿಗೆ ಬಾಯಾರಿಕೆ ಆದದ್ದು ಅಲ್ಲೇ.

“ಎದುರುಮನೆಯೋರು ಹೆಂಗವ್ವ? ಒಳ್ಳೆ ಜನನಾ?”

“ಬಂಗಾರದಂಥ ಜನ ಕಣ್ರೀ. ಪಾಪ, ಮೇಷ್ಟ್ರ ಅತ್ತೆ ತೀರ್ಕಂಡು ಎರಡು ದಿನ ಆತು.”

ಲೋಟ ಮಹೇಶ್ವರಪ್ಪನವರ ಬಾಯಿ ಹತ್ತಿರವೇ ನಿಂತಿತು.

“ಮನೆಯೋರು ಎಲ್ಲವ್ವ ಈಗ?”

“ನಿನ್ನೆ ಬೆಳಗಿನ ಜಾವ ಗಂಡ ಹೆಂಡ್ತಿ ಮಣ್ಣಿಗೆ ಹೋಗ್ಯಾರೆ, ಯಾರಿಗೂ ಹೇಳ್ದೆ. ಅಷ್ಟು ದುಃಖ. ಅಗ ನೋಡ್ರಿ ಮೊಮ್ಮಗ, ಎರಡು ದಿನದಿಂದ ಬಾಯಿ ಬಿಟ್ಟಿಲ್ಲ. ಮೇಷ್ಟ್ರು ರಜೆ ಅರ್ಜಿಯಾಗೆ ‘ತೀರಾ ಅಸೌಖ್ಯ’ ಅಂತ ಬರ್ದುಕೊಟ್ಟಿದ್ರಂತೆ. ಶಾಲೆಗೂ ರಜೆ ಕೊಟ್ಟು ಹೆಡ್ ಮಾಸ್ಟ್ರು ಹಾರ ತಗಳಾಕೆ ಈಗ ಹೋದ್ರು.”

ಎದುರು ಜಗಲಿಯಲ್ಲಿ ನಾಲ್ಕು ಜನರ ನಡುವೆ ಮೊಮ್ಮಗ ನಿಧಾನವಾಗಿ ಮೊಸರನ್ನ ಕಲಸುತ್ತಿದ್ದ. ಮಹೇಶ್ವರಪ್ಪನವರು ಲೋಟ ಕೆಳಗಿಟ್ಟರು. ನಿನ್ನೆ ಬೆಳಗಿನ ಜಾವ ಹೋದವರು ಈಗ ಎಲ್ಲಿದ್ದಾರೆ ಅಂತ ಆ ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಇತ್ತ ಹೆಡ್ ಮಾಸ್ತರು ಹೊನ್ನಾಳಿಯಲ್ಲಿ ಇಳಿದು, ಚೆಂಡು ಹೂವಿನ ದಪ್ಪ ಹಾರ ಕೊಂಡು, ಬಸ್ಸು ಬದಲಾಯಿಸಿ ಮಧ್ಯಾಹ್ನದ ಬಿಸಿಲಲ್ಲಿ ನ್ಯಾಮತಿ ಸೇರಿದರು. ಸಾವಿನ ಮನೆ ಅಂದರೆ ಜನ ಸೇರಿರಬೇಕು. ಎಲ್ಲೂ ಜನ ಇಲ್ಲ. ಒಂದು ಜಗಲಿಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

“ಅಮ್ಮಾ, ಇಲ್ಲಿ ತೀರ್ಕಂಡ ಶಿವಗಂಗಮ್ಮನೋರ ಮನೆ ಯಾವ್ದು?”

ಮುದುಕಿ ಮೊರ ನಿಲ್ಲಿಸಿದಳು. “ಯಾವ ಶಿವಗಂಗಮ್ಮ?”

“ಚನ್ನಗಿರಿ ಷಣ್ಮುಖಪ್ಪ ಮೇಷ್ಟ್ರ ಅತ್ತೆ.”

“ಓ… ಯಾವಾಗ ತೀರ್ಕಂಡ್ಲಪ್ಪ?”

“ನಿನ್ನೆ.”

“ಏನಾಗಿತ್ತಂತೆ?”

ಬಂದ ದುಃಖವನ್ನು ಹಂಚಿಕೊಳ್ಳಲು ಒಬ್ಬರು ಸಿಕ್ಕರಲ್ಲ ಅಂತ ಹೆಡ್ ಮಾಸ್ತರು ಜಗಲಿಯ ಮೇಲೆ ಕೂತು ಫೈಲು ಬಿಚ್ಚಿದರು. “ಏನಾಗಿರ್ಲಿಲ್ಲ ಅಂತ ಕೇಳಮ್ಮ. ಎಪ್ಪತ್ತಾರರಾಗೆ ಟೈಫಾಯಿಡ್ಡು. ಎಪ್ಪತ್ತೇಳರಾಗೆ ಸೊಂಟ ಮುರೀತು. ಎಪ್ಪತ್ತೆಂಟರಾಗೆ ಎಡಗಣ್ಣು ಆಪರೇಷನ್ನು. ಅದೇ ವರ್ಷ ದೀಪಾವಳಿ ಮುಂದೆ ಇನ್ನೊಂದ್ಸಲ ಸೊಂಟ. ಎಂಬತ್ತರಾಗೆ ಎರಡು ಸಲ ಪ್ರಜ್ಞೆ ತಪ್ಪಿ…”

“ಎರಡು ಸಲನಾ?”

“ಎರಡು ಸಲ. ಎರಡೂ ಸಲ ಸೋಮವಾರ.”

ಮುದುಕಿ ತನ್ನ ಎಡಗಣ್ಣನ್ನು ಒಮ್ಮೆ ಮುಟ್ಟಿಕೊಂಡಳು. ಸೊಂಟ ಮುಟ್ಟಿಕೊಂಡಳು. ಎದ್ದು ನಿಂತಳು, ಎಪ್ಪತ್ತಾರು ವರ್ಷದ ಹೆಂಗಸು, ಗೋಡೆ ಹಿಡಿಯಲಿಲ್ಲ.

“ಆ ಹಾರ ಇತ್ತ ಕೊಡ್ರಿ.”

“ಯಾಕಮ್ಮ?”

“ನಂಗೇ ತಂದಿದ್ದಲ್ವಾ? ದೇವರ ಜಗಲಿಗೆ ಹಾಕ್ತೀನಿ. ಚೆನ್ನಾಗೈತೆ, ಸುಮ್ನೆ ಯಾಕೆ ಬಾಡಿಸೋದು.”

ಹೆಡ್ ಮಾಸ್ತರ ಕೈಯಿಂದ ಫೈಲು ಜಾರಿತು. ಎಂಟು ವರ್ಷದ ಕಾಯಿಲೆಗಳೆಲ್ಲ ಜಗಲಿಯ ಮೇಲೆ ಚೆಲ್ಲಿದವು. ಶಿವಗಂಗಮ್ಮ ಒಳಗೆ ಹೋಗಿ, ಮೂರು ನಿಮಿಷದಲ್ಲಿ ಇಳಕಲ್ ಸೀರೆ ಉಟ್ಟು ಚೀಲ ಹಿಡಿದು ಬಂದಳು.

“ನಡೀರಿ ಬಸ್ಸಿಗೆ. ನಮ್ಮ ಅಳಿಯಂದ್ರು ನನ್ನ ಶಿವಗಣಾರಾಧನೆಗೆ ಏನೇನು ಅಡಿಗೆ ಮಾಡ್ಸ್ತಾರೋ ನೋಡ್ಬೇಕು ನಾನು.”

ಆ ಶುಕ್ರವಾರ ಸಂಜೆ ಜಗಳೂರಿನಲ್ಲಿ ಷಣ್ಮುಖಪ್ಪ ಮೇಷ್ಟ್ರು ಮೂರನೇ ಹೋಳಿಗೆಯಲ್ಲಿದ್ದರು. ಹುಡುಗನ ಮನೆ ಹಿಡಿಸಿತ್ತು. ಹುಡುಗ ಕೈಯಾರೆ ತುಪ್ಪ ಬಡಿಸುತ್ತಿದ್ದ. ಕಸ್ತೂರಮ್ಮ ಹೆಂಗಸರ ಜೊತೆ ನಗುತ್ತಿದ್ದಳು. ಅಷ್ಟರಲ್ಲಿ ಮಹೇಶ್ವರಪ್ಪನವರು ಕಾಲು ಕೂಡ ತೊಳೆಯದೆ ಒಳಗೆ ಬಂದು, ಪಂಕ್ತಿಯ ಮುಂದೆ ಕೊಡೆ ಊರಿ ನಿಂತರು.

“ಬೀಗ್ರೇ, ಸೂತಕದ ಮನೆಯಿಂದ ಎದ್ದು ಬಂದು ಹೋಳಿಗೆ ತಿಂತೀರೇನ್ರೀ?”

ಇಂಥ ಪ್ರಶ್ನೆಗೆ ಬೇರೆ ಯಾರಾದರೂ ‘ಯಾರ ಸೂತಕ?’ ಅಂತ ಕೇಳುತ್ತಿದ್ದರು. ಷಣ್ಮುಖಪ್ಪನವರು ಮೇಷ್ಟ್ರು, ತಪ್ಪು ಕಂಡರೆ ಮೊದಲು ತಿದ್ದುವ ಅಭ್ಯಾಸ.

“ನಮ್ಮ ಧರ್ಮದಾಗೆ ಸೂತಕ ಅನ್ನೋದು ಇಲ್ಲಲ್ರೀ,” ಅಂದರು.

“ಕೇಳಿದ್ರಾ! ಒಪ್ಕಂಡ್ರು!” ಅಂತ ಮಹೇಶ್ವರಪ್ಪ ಮನೆಯವರ ಕಡೆ ತಿರುಗಿದರು. “ಇವ್ರ ಅತ್ತೆ ಸತ್ತು ಎರಡು ದಿನ ಆಗೈತೆ. ನಾನೇ ಬೀದಿಯಾಗೆ ಕೇಳಿ ಬಂದೆ. ಒಲೆ ಹತ್ತಿಲ್ಲ, ರಂಗೋಲಿ ಇಲ್ಲ, ಶಾಲೆಗೆ ರಜೆ ಕೊಟ್ಟಾರೆ. ಇವ್ರು ಇಲ್ಲಿ ಶುಭಕಾರ್ಯ ಮಾತಾಡಾಕೆ ಬಂದು ಕುಂತಾರೆ!”

ಅಲ್ಲಿವರೆಗೆ ಮೇಷ್ಟ್ರಿಗೆ ಉಳಿದುಕೊಳ್ಳಲು ಒಂದು ದಾರಿ ಇತ್ತು. ಆದರೆ ಕಸ್ತೂರಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು.

“ಅವ್ವಾ!” ಅಂತ ಅವಳು ಕಂಬ ತಬ್ಬಿಕೊಂಡಳು. “ನೀನು ಅಲ್ಲಿ ಕಣ್ಣು ಮುಚ್ಚಿದ್ರೆ ನಾನಿಲ್ಲಿ ಹೋಳಿಗೆಗೆ ತುಪ್ಪ ಹಾಕ್ಸ್ಕಂತಿದ್ದೆನಲ್ಲವ್ವಾ!”

ಅಳುವ ಹೆಂಗಸಿನ ಜೊತೆ ಅಳದೆ ನಿಲ್ಲುವುದು ಮರ್ಯಾದೆಯಲ್ಲ. ಹುಡುಗನ ತಾಯಿ ಶುರು ಮಾಡಿದಳು, ಅತ್ತಿಗೆ ಸೇರಿಸಿದಳು, ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ ದನಿ ಕೂಡಿಸಿದರು. ಮೇಷ್ಟ್ರು ಎಂಜಲು ಕೈ ಎತ್ತಿ ಕೂಗಿದರು:

“ನಮ್ಮತ್ತೆ ಸತ್ತಿಲ್ಲ ಕಣ್ರೀ!”

“ನೀವೇ ಕೈಯಾರೆ ‘ತೀರಾ ಅಸೌಖ್ಯ’ ಅಂತ ಬರ್ದುಕೊಟ್ಟೀರಂತೆ?”

“ಅದು… ಅದು ರಜಕ್ಕೆ ಬರ್ದಿದ್ದು.”

ಅಳು ಒಮ್ಮೆಲೇ ನಿಂತಿತು. ಕಸ್ತೂರಮ್ಮ ಕೂಡ ತಿರುಗಿ ನೋಡಿದಳು.

“ರಜಕ್ಕೋಸ್ಕರ ಅತ್ತೆನ ಸಾಯಿಸ್ತೀರಾ?” ಅಂದರು ಮಹೇಶ್ವರಪ್ಪ.

“ಸಾಯಿಸಿಲ್ಲ ರೀ, ಬರೇ ಕಾಯಿಲೆ…”

ಬಹಳ ಹೊತ್ತು ಮಾತು ನಡೆಯಿತು. ಸಂಬಂಧ ಬೇಡ ಅಂತ ಮಹೇಶ್ವರಪ್ಪ, ಆಗಲಿ ಅಂತ ಹುಡುಗನ ತಂದೆ. ತಿಪ್ಪೇರುದ್ರಸ್ವಾಮಿ ತುಪ್ಪದ ಗಿಂಡಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ. ಅವನ ಮುಖ ನೋಡಿ ದೊಡ್ಡಪ್ಪನಿಗೂ ಸ್ವಲ್ಪ ಮನಸ್ಸು ಕರಗಿತು. ಕಡೆಗೆ ತೀರ್ಪು ಕೊಟ್ಟರು.

“ಭಾನುವಾರ ಬರ್ತೀವಿ. ಹತ್ತು ಗಂಟೆಗೆ. ಆದ್ರೆ ಹುಡುಗಿ ನೋಡಾಕಲ್ಲ, ಮೊದ್ಲು ಅಜ್ಜಿ ನೋಡಾಕೆ. ಅಜ್ಜಿ ನಡ್ಕಂಡು ಬಂದು ಕಾಫಿ ಕೊಟ್ರೆ, ಆಮೇಲೆ ಹುಡುಗಿನ ಕರೀರಿ. ಅಜ್ಜಿ ಬರದಿದ್ರೆ ನಾವು ಅದೇ ಬಸ್ಸಿಗೆ ವಾಪಸ್.”

ಶನಿವಾರ ಬೆಳಿಗ್ಗೆ ಜಗಳೂರಿನಿಂದ ದಾವಣಗೆರೆವರೆಗೆ ಕಸ್ತೂರಮ್ಮ ಅತ್ತಳು. ಅವಳ ಅಳು ನೋಡಿ ಬಸ್ಸಿನವರು ಸೀಟು ಬಿಟ್ಟುಕೊಟ್ಟರು. ಮೇಷ್ಟ್ರು ನಿಂತೇ ಬಂದರು.

“ಸತ್ತಿಲ್ಲ ಕಣೇ.”

“ನಿಮಗೆ ಹೆಂಗೆ ಗೊತ್ತು? ಬರೀ ಅಸೌಖ್ಯ ಅಂತ ಬರ್ದಿದ್ರೆ ಆಗ್ತಿರ್ಲಿಲ್ವಾ? ‘ತೀರಾ’ ಅಂತ ಯಾಕೆ ಬರ್ದ್ರಿ? ನಿಮ್ಮ ಬಾಯಾಗೆ ಏನು ಬಂತೋ ಅದೇ ಆತು!”

ಎರಡು ದಿನದಲ್ಲಿ ಮೇಷ್ಟ್ರು ಹತ್ತು ವರ್ಷದಷ್ಟು ದಣಿದಿದ್ದರು. ನಿಜ ಹೇಳಬೇಕೆಂದರೆ, ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಸಾವಿನ ಮನೆಗೆ ಒಯ್ಯುತ್ತಿದ್ದ ಹಾರಗಳನ್ನು ಕಂಡಾಗ ಅವರಿಗೂ ಒಳಗೊಳಗೇ ಭಯವಾಯಿತು. ಅತ್ತೆ ಇದ್ದಾಳೋ ಇಲ್ಲವೋ? ಇಲ್ಲದಿದ್ದರೆ ಮಗಳ ಮುಖ ಹೇಗೆ ನೋಡುವುದು? ನ್ಯಾಮತಿಗೆ ಮೊದಲು ಹೋಗೋಣ ಅಂದರೆ ಆ ಕಡೆಯ ಬಸ್ಸು ಮಧ್ಯಾಹ್ನಕ್ಕೆ. ಚನ್ನಗಿರಿ ಬಸ್ಸು ಹೊರಟು ನಿಂತಿತ್ತು. ಹತ್ತಿಬಿಟ್ಟರು.

ಬೀದಿ ತಿರುಗುತ್ತಲೇ ಮೇಷ್ಟ್ರು ಮನೆ ಕಡೆ ನೋಡಿದರು. ತಮ್ಮ ಮನೆ ಮುಂದೆ ಜನ ನೆರೆದಿದ್ದರು. ಬಾಗಿಲಿಗೆ ರಂಗೋಲಿ ಇರಲಿಲ್ಲ. ಜನರನ್ನು ಸರಿಸಿಕೊಂಡು ಕಸ್ತೂರಮ್ಮ “ಅವ್ವಾ!” ಅಂತ ಚೀರುತ್ತಾ ಓಡಿದಳು.

“ಏನೇ?” ಅಂದಳು ಅವ್ವ.

ಶಿವಗಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ, ದ್ಯಾಮಮ್ಮ ತಂದ ಮಂಡಕ್ಕಿ ಮುಕ್ಕುತ್ತಿದ್ದಳು. ಪಕ್ಕದಲ್ಲಿ ಪಂಚಾಕ್ಷರಿ. ಇನ್ನೊಂದು ಪಕ್ಕದಲ್ಲಿ ಫೈಲು ಹಿಡಿದ ಹೆಡ್ ಮಾಸ್ತರು. ಕಸ್ತೂರಮ್ಮ ತಾಯಿಯನ್ನು ತಬ್ಬಿಕೊಂಡು ಉಳಿದ ಅಳುವನ್ನೂ ಅತ್ತು ಮುಗಿಸಿದಳು.

“ಅಳಬ್ಯಾಡ ಬಿಡೇ, ನಾನು ಸತ್ತು ಇವತ್ತಿಗೆ ಮೂರು ದಿನ ಆತು,” ಅಂತ ಮಗಳ ಬೆನ್ನು ಸವರಿ, ಶಿವಗಂಗಮ್ಮ ಅಳಿಯನನ್ನು ನೋಡಿದಳು. “ಬರ್ರಿ ಮೇಷ್ಟ್ರೇ. ನನ್ನ ಸೊಂಟ ಎರಡು ಸಲ ಮುರಿದೀರಿ. ಎಡಗಣ್ಣು ಕೀಳ್ಸೀರಿ.”

“ಕೀಳ್ಸಿಲ್ಲತ್ತೆ, ಆಪರೇಷನ್ನು…”

“ಬಲಗಣ್ಣಿಗೆ ಯಾವಾಗ ಇಟ್ಕಂಡೀರಿ?”

ಹೆಡ್ ಮಾಸ್ತರು ಫೈಲು ನೋಡಿ, “ಅದಿನ್ನೂ ಆಗಿಲ್ಲ” ಅಂದರು.

ಮೇಷ್ಟ್ರು ಸಿಟ್ಟು ತೀರಿಸಿಕೊಳ್ಳಲು ಮಗನ ಕಡೆ ತಿರುಗಿದರು. “ಲೇ, ನೀನಾದ್ರೂ ಒಂದು ಮಾತು ಹೇಳಾಕೆ ಆಗ್ತಿರ್ಲಿಲ್ವೇನೋ? ಬಾಯಿ ಇರ್ಲಿಲ್ವಾ ನಿಂಗೆ?”

ಪಂಚಾಕ್ಷರಿ ಅಪ್ಪನನ್ನು ನೋಡಿದ. ಈ ಸಲ ಹೆಂಚು ನೋಡಲಿಲ್ಲ, ಅಪ್ಪನನ್ನೇ ನೋಡಿದ. ಮೇಷ್ಟ್ರು ಇನ್ನೊಂದು ಮಾತಿಗೆ ಬಾಯಿ ತೆರೆದವರು, ಬುಧವಾರ ಸಂಜೆ ತಾವೇ ಹೇಳಿದ್ದು ನೆನಪಾಗಿ ಮುಚ್ಚಿದರು.

“ಅವನಿಗ್ಯಾಕೆ ಬೈತೀರಿ?” ಅಂದಳು ಶಿವಗಂಗಮ್ಮ. “ಊರೆಲ್ಲ ನನ್ನ ಸಾಯಿಸ್ತು. ಸತ್ತಳು ಅಂತ ಬಾಯಿಂದ ಅನ್ನದೇ ಇದ್ದೋನು ಇವನೊಬ್ಬನೇ. ಏನಾಗೈತೆ ಈಗ, ಎಲ್ಲಿಗೆ ಹೋಗಿದ್ರಿ, ನೆಟ್ಟಗೆ ಹೇಳ್ರಿ.”

ಮೇಷ್ಟ್ರು ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಜಗಳೂರಿನ ಕಥೆಯನ್ನೆಲ್ಲ ಹೇಳಿದರು. ಹೆಡ್ ಮಾಸ್ತರನ್ನು ಹೊರಗೆ ಬಿಡಲು ಆಗಲಿಲ್ಲ. ಫೈಲು ಅವರ ಕೈಯಲ್ಲಿತ್ತು. ಕೇಳುತ್ತಾ ಕೇಳುತ್ತಾ ಶಿವಗಂಗಮ್ಮನ ಹುಬ್ಬು ಮೇಲೇರಿದವು.

“ಕಾಫಿ ತಟ್ಟೆ ಹಿಡ್ಕಂಡು ನಾನು ಬರ್ಬೇಕಾ? ಅರವತ್ತೆರಡು ವರ್ಷದ ಹಿಂದೆ ಒಂದ್ಸಲ ಬಂದಿದ್ದೆ, ನಡುಮನೆಯಾಗೆ ಎಡವಿ ಬಿದ್ದಿದ್ದೆ. ಆದ್ರೂ ಒಪ್ಪಿದ್ರು ನಿಮ್ಮ ಮಾವ.”

“ನಾಳೆ ಬೀಳಬ್ಯಾಡ್ರಿ ಅತ್ತೆ, ಕೈ ಮುಗೀತೀನಿ.”

“ಸರ್ವಮಂಗಳಂಗೆ ಆ ಹುಡುಗ ಒಪ್ಪಿಗೆನಾ?”

“ಒಪ್ಪಿಗೆ ಕಣವ್ವ,” ಅಂದಳು ಕಸ್ತೂರಮ್ಮ. “ಬಾಯಿ ಬಿಟ್ಟು ಹೇಳ್ಯಾಳೆ. ಸಂಜೆ ಬಸ್ಸಿಗೆ ಬರ್ತಾಳೆ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.”

ಶಿವಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಹಂಗಾದ್ರೆ ಬರ್ತೀನಿ. ಬರೀ ಕಾಫಿ ಅಲ್ಲ, ಮೊರ ಹಿಡಿದು ಅಕ್ಕಿನೂ ಕೇರಿ ತೋರಿಸ್ತೀನಿ. ಆದ್ರೆ ಒಂದು ಮಾತು. ಇನ್ನು ಮುಂದೆ ನಂಗೆ ಹುಷಾರಿಲ್ಲ ಅಂತ ಒಂದಕ್ಷರ ಬರೀಬಾರ್ದು.”

ಹೆಡ್ ಮಾಸ್ತರು ಫೈಲಿನ ಮೇಲೆ ಅದನ್ನು ಬರೆದುಕೊಂಡರು. “ಅಲ್ಲಿಗೆ ಮೇಷ್ಟ್ರೇ, ರಿಟೈರ್ ಆಗೋತನಕ ನಿಮಗೆ ರಜ ಇಲ್ಲ.”

ಮೇಷ್ಟ್ರು ತಲೆಯಾಡಿಸಿದರು. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವರು ಒಪ್ಪುತ್ತಿದ್ದರು.

ಜನ ಚದುರಿದರು, ಅವರವರ ಪಾತ್ರೆ ತೆಗೆದುಕೊಂಡು. ಕಸ್ತೂರಮ್ಮ ಒಲೆ ಹತ್ತಿಸಿ, ನಾಳೆಯ ಹೋಳಿಗೆಗೆ ಬೇಳೆ ಬೇಯಲಿಟ್ಟು ರುಬ್ಬಲು ಕೂತಳು. ಸಂಜೆಯಾಗುತ್ತಾ ಬಂದಿತ್ತು. ಒಳಗಿಂದ ಶಿವಗಂಗಮ್ಮ ಕೂಗಿದಳು: “ಮೊದ್ಲು ಬಾಗ್ಲಿಗೆ ರಂಗೋಲಿ ಹಾಕ್ರಿ! ದಾರಿಹೋಕರು ನಾನಿನ್ನೂ ಸತ್ತೇ ಇದೀನಿ ಅನ್ಕಂತಾರೆ!”

ಕಸ್ತೂರಮ್ಮನ ಎರಡೂ ಕೈಯಲ್ಲಿ ಹೂರಣ. ಅತ್ತೆಗೆ ಬಗ್ಗು ಅನ್ನುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ. ಸೊಂಟದ ಮಾತು ಮತ್ತೆ ಬರುತ್ತಿತ್ತು. ಮಗಳ ಬಸ್ಸು ಬಂದಿರಲಿಲ್ಲ. ಮೇಷ್ಟ್ರು ತಾವೇ ಒಂದು ತಂಬಿಗೆ ನೀರು ಹೊಯ್ದು, ರಂಗೋಲಿ ಪುಡಿ ಕೈಗೆ ಬರದೆ, ಜೇಬಿನಲ್ಲಿದ್ದ ಸೀಮೆಸುಣ್ಣ ತೆಗೆದು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗೊತ್ತಿದ್ದದ್ದು ಒಂದೇ ಚಿತ್ರ. ಒಂದು ವೃತ್ತ ಬರೆದರು. ಒಳಗೊಂದು ತ್ರಿಕೋನ ಬರೆದರು. ಮೂಲೆಗಳಿಗೆ ಅ, ಬ, ಕ ಅಂತ ಹೆಸರೂ ಕೊಟ್ಟರು.

ಎದುರುಮನೆ ಬಾಗಿಲಲ್ಲಿ ದ್ಯಾಮಮ್ಮ ಬಂದು ನಿಂತಳು.

ಆ ಬೀದಿಯಲ್ಲಿ ಗಂಡಸೊಬ್ಬ ರಂಗೋಲಿ ಹಾಕಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗಂಡಸು ರಂಗೋಲಿ ಹಾಕುತ್ತಾನೆ ಅಂದರೆ ಆ ಮನೆಯ ಹೆಂಗಸಿಗೆ ಏನೋ ಆಗಿದೆ. ಮಧ್ಯಾಹ್ನ ಕಸ್ತೂರಮ್ಮ ಅತ್ತ ಅಳು ನೆನಪಾಯಿತು. ದ್ಯಾಮಮ್ಮನ ಕೈ ನಿಧಾನವಾಗಿ ಎದೆಯ ಮೇಲೆ ಹೋಯಿತು. ಬಾಯಿ ತೆರೆಯಿತು. ಆಚೆ ಮನೆಯ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಳು.

ಮೇಷ್ಟ್ರು ಅದನ್ನು ಕಂಡರು. ಕೂಗಬೇಕು ಅಂದುಕೊಂಡರು. ಮೂರು ದಿನದ ಸುಸ್ತಿನಲ್ಲಿ ದನಿ ಏಳಲಿಲ್ಲ. ಸೀಮೆಸುಣ್ಣ ಹಿಡಿದು ಸುಮ್ಮನೆ ನೋಡಿದರು.

ಆಗ ಜಗಲಿಯ ಮೇಲೆ ಪಂಚಾಕ್ಷರಿ ಎದ್ದು ನಿಂತ. ಬೆಲ್ ಬಾಟಂ ಜಾಡಿಸಿದ. ಬೀದಿಯ ಆ ತುದಿಗೂ ಈ ತುದಿಗೂ ಕೇಳುವ ಹಾಗೆ ಕೂಗಿದ:

“ದ್ಯಾಮಮ್ಮಾ! ನಿಂತ್ಕಳ್ರಿ ಅಲ್ಲೇ! ಅವ್ವ ಒಳಗೆ ಹೂರಣ ರುಬ್ತಾ ಅದಾಳೆ. ಅಜ್ಜಿ ಚೆನ್ನಾಗದಾಳೆ. ಅಪ್ಪ ಗಣಿತ ಮಾಡ್ತಾ ಅದಾನೆ. ಯಾರೂ ಸತ್ತಿಲ್ಲ! ಸರ್ವಮಂಗಳಕ್ಕನ್ನ ನೋಡಾಕೆ ಜಗಳೂರಿಂದ ಬರ್ತಾರೆ, ಅಕ್ಕಂಗೆ ಆ ಹುಡುಗನೇ ಬೇಕಂತೆ. ಅದ್ಕೂ ಮುಂಚೆ ಅಜ್ಜಿ ತೋರಿಸ್ತೀವಿ. ನೀವು ಏನಾರ ನೋಡೋದಿದ್ರೆ ಇಲ್ಲೇ ಬಂದು ನೋಡ್ರಿ!”

ಬೀದಿಯ ಎಲ್ಲ ಬಾಗಿಲುಗಳೂ ತೆರೆದಿದ್ದವು. ಒಳಗೆ ರುಬ್ಬುವ ಸದ್ದು ನಿಂತಿತು. ಗುಟ್ಟು ಬೀದಿಗೆ ಬಿತ್ತಲ್ಲ ಅಂತ ಕೊರಗಬೇಕೋ, ಮಗ ಮಾತಾಡಿದ ಅಂತ ನಗಬೇಕೋ ತಿಳಿಯದೆ ಮೇಷ್ಟ್ರು ತಮ್ಮ ತ್ರಿಕೋನದ ಮೇಲೇ ಕೂತುಬಿಟ್ಟರು.

ದ್ಯಾಮಮ್ಮ ಎದೆಯ ಮೇಲಿನ ಕೈ ಇಳಿಸಿ ಸೊಂಟದ ಮೇಲೆ ಇಟ್ಟುಕೊಂಡಳು.

“ಎಷ್ಟೊತ್ತಿಗೆ ಬರ್ತಾರಪ್ಪ?”

“ನಾಳೆ ಹತ್ತಕ್ಕೆ.”

“ಅಜ್ಜಿ ಸತ್ತಳು ಅಂತ ಅವ್ರಿಗೆ ಹೇಳಿದ್ದು ನಾನೇ ಇರ್ಬೇಕು, ಆ ಕೊಡೆ ಹಿಡ್ಕಂಡು ಬಂದಿದ್ನಲ್ಲ ಎಮ್ಮೆ ವ್ಯಾಪಾರದೋನು,” ಅಂದಳು ದ್ಯಾಮಮ್ಮ, ಮುಖ ಚಿಕ್ಕದು ಮಾಡಿಕೊಂಡು. ಆಮೇಲೆ ಸೆರಗು ಬಿಗಿ ಮಾಡಿ ಸಿಕ್ಕಿಸಿಕೊಂಡಳು. “ಬದುಕ್ಯಾಳೆ ಅಂತಾನೂ ನಾನೇ ಹೇಳ್ಬೇಕು. ಬರ್ತೀನಿ, ಬರೋವಾಗ ಎಣ್ಣೆಗಾಯಿ ತರ್ತೀನಿ. ಹತ್ತು ಗಂಟೆ ಅಂದ್ಯಲ್ಲ, ಒಂಬತ್ತಕ್ಕೇ ಬಂದು ಕುಂತಿರ್ತೀನಿ.”